ಗೂಬೆ ನಾಣ್ಯದ ಅಸಲಿತನ

ಪ್ರಾಚೀನ ಕಾಲದ ಬೆಳ್ಳಿ ನಾಣ್ಯವೊಂದು ಅಸಲಿಯೋ ಖೋಟಾವೋ ಎಂಬ ಪ್ರಶ್ನೆಗೆ ಒಂದೇ ಪರೀಕ್ಷೆಯಿಂದ ಉತ್ತರ ಸಿಗುವುದಿಲ್ಲ. ತೂಕ ಸರಿಯಿದ್ದೂ ನಾಣ್ಯ ಖೋಟಾ ಆಗಿರಬಹುದು, ಬೆಳ್ಳಿ ಅಪ್ಪಟವಾಗಿದ್ದೂ ಖೋಟಾ ಆಗಿರಬಹುದು, ಚಿತ್ರದಲ್ಲಿ ಒಂದು ಗೆರೆಯೂ ತಪ್ಪಿಲ್ಲದೆ ಇದ್ದೂ ಖೋಟಾ ಆಗಿರಬಹುದು. ನಾಣ್ಯಶಾಸ್ತ್ರಜ್ಞರು ಈ ತೊಡಕನ್ನು ಬಿಡಿಸುವ ಬಗೆಯನ್ನು ತಿಳಿಯಲು ಅಥೆನ್ಸ್ ನಗರದ ಗೂಬೆ ನಾಣ್ಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳುವುದು ಅನುಕೂಲ, ಏಕೆಂದರೆ ಅದು ಚಲಾವಣೆಯಲ್ಲಿದ್ದ ಕಾಲದಲ್ಲಿಯೇ ಅದಕ್ಕೆ ಖೋಟಾಗಳು ಹುಟ್ಟಿದ್ದವು, ಅವನ್ನು ಹಿಡಿಯಲು ಆ ನಗರ ಕಾನೂನನ್ನೇ ಮಾಡಿತ್ತು, ಮತ್ತು ಇಂದಿಗೂ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಅದರ ನಕಲುಗಳು ಹೇರಳವಾಗಿ ಓಡಾಡುತ್ತಿವೆ.

ಈ ನಾಣ್ಯದ ಗ್ರೀಕ್ ಹೆಸರು ಟೆಟ್ರಾಡ್ರಾಕ್ಮ, ಅಂದರೆ ನಾಲ್ಕು ಡ್ರಾಕ್ಮಗಳ ಬೆಲೆಯ ನಾಣ್ಯ, ಕ್ರಿ.ಪೂ. 5ನೆಯ ಶತಮಾನದ ಕೊನೆಯ ಹೊತ್ತಿಗೆ ಅಥೆನ್ಸಿನಲ್ಲಿ ನುರಿತ ಕೆಲಸಗಾರನ ದಿನಗೂಲಿ ಸುಮಾರು ಒಂದು ಡ್ರಾಕ್ಮ ಆಗಿದ್ದುದರಿಂದ, ಇದು ಅವನ ನಾಲ್ಕು ದಿನದ ದುಡಿಮೆಗೆ ಸಮನಾಗಿತ್ತು. ಮುಮ್ಮುಖದಲ್ಲಿ ಶಿರಸ್ತ್ರಾಣ ಧರಿಸಿದ ಅಥೀನಾ ದೇವಿಯ ಮುಖ, ಹಿಮ್ಮುಖದಲ್ಲಿ ಚೌಕಾಕಾರದ ತಗ್ಗಿನೊಳಗೆ ನಿಂತು ನೋಡುವವರತ್ತ ಮುಖ ತಿರುಗಿಸಿದ ಗೂಬೆ, ಅದರ ಬೆನ್ನ ಹಿಂದೆ ಆಲಿವ್ ಚಿಗುರು ಮತ್ತು ಸಣ್ಣದೊಂದು ಬಾಲಚಂದ್ರ, ಎದುರಿಗೆ ನಗರದ ಹೆಸರನ್ನು ಸೂಚಿಸುವ ಆಲ್ಫಾ, ಥೀಟಾ, ಎಪ್ಸಿಲಾನ್ ಎಂಬ ಮೂರು ಅಕ್ಷರಗಳು. ಬೆಳ್ಳಿ ಬಂದದ್ದು ನಗರದ ಆಗ್ನೇಯಕ್ಕಿರುವ ಲೌರಿಯೋನ್ ಗಣಿಗಳಿಂದ. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಸಮೃದ್ಧವಾದ ಅದಿರು ದೊರೆತಾಗ, ಅದರ ಆದಾಯವನ್ನು ಪ್ರಜೆಗಳಿಗೆ ಹಂಚುವ ಬದಲು ಯುದ್ಧನೌಕೆಗಳನ್ನು ಕಟ್ಟಲು ಬಳಸಬೇಕೆಂದು ಮುಖಂಡ ಥೆಮಿಸ್ಟೊಕ್ಲಿಸ್ ನಗರದ ಸಭೆಯನ್ನು ಒಪ್ಪಿಸಿದನು. ಆ ನೌಕೆಗಳೇ ಕ್ರಿ.ಪೂ. 480ರಲ್ಲಿ ಸಲಾಮಿಸ್ ಕದನದಲ್ಲಿ ಪರ್ಷಿಯನ್ನರನ್ನು ಸೋಲಿಸಿದವು. ಮಿತ್ರನಗರಗಳ ಕೂಟದ ಬೊಕ್ಕಸ ಕ್ರಿ.ಪೂ. 454ರಲ್ಲಿ ಅಥೆನ್ಸಿಗೆ ಸ್ಥಳಾಂತರವಾದ ಮೇಲೆ ಗೂಬೆ ನಾಣ್ಯಗಳು ಅಪಾರ ಸಂಖ್ಯೆಯಲ್ಲಿ ಟಂಕಿತವಾಗಿ ಈಜಿಪ್ಟಿನಿಂದ ಮೆಸೊಪೊಟೇಮಿಯದವರೆಗೆ, ಅಲ್ಲಿಂದ ಇನ್ನೂ ಪೂರ್ವಕ್ಕೆ ಹಬ್ಬಿದವು. ಗ್ರೀಸ್ ದೇಶದ ಇಂದಿನ ಒಂದು ಯೂರೋ ನಾಣ್ಯದ ಮೇಲೆಯೂ ಇದೇ ಗೂಬೆ ಇದೆ.

ಅಥೆನ್ಸಿನ ಅಗೋರಾ, ಅಂದರೆ ಪ್ರಾಚೀನ ಪೇಟೆಬಯಲಿನ ಉತ್ಖನನದಲ್ಲಿ 1970ರಲ್ಲಿ ಅಮೃತಶಿಲೆಯ ಒಂದು ಶಾಸನ ಸಿಕ್ಕಿತು. ವಿದ್ವಾಂಸ ರೊನಾಲ್ಡ್ ಸ್ಟ್ರೌಡ್ ಅದನ್ನು ಓದಿ 1974ರಲ್ಲಿ ಪ್ರಕಟಿಸಿದರು. ನಿಕೊಫೋನ್ ಎಂಬವನು ಮಂಡಿಸಿದ, ಕ್ರಿ.ಪೂ. 375–374ರ ಈ ಕಾನೂನು ನಾಣ್ಯ ಪರೀಕ್ಷೆಯ ಇತಿಹಾಸದಲ್ಲಿ ಅತ್ಯಮೂಲ್ಯ ದಾಖಲೆ. ಅದರ ಪ್ರಕಾರ ಡೊಕಿಮಾಸ್ಟೆಸ್ ಎಂಬ ನಾಣ್ಯ ಪರೀಕ್ಷಕನು ಪೇಟೆಯಲ್ಲಿ ಹಣ ವಿನಿಮಯದವರ ಮೇಜುಗಳ ನಡುವೆ ಕುಳಿತಿರಬೇಕು, ಸರ್ಕಾರಕ್ಕೆ ಹಣ ಸಂದಾಯವಾಗುವ ದಿನಗಳಲ್ಲಿ ಮಾತ್ರ ನಗರಸಭೆಯ ಕಟ್ಟಡದಲ್ಲಿ ಕುಳಿತುಕೊಳ್ಳಬೇಕು. ನಾಣ್ಯ ಬೆಳ್ಳಿಯದ್ದಾಗಿದ್ದು ನಗರದ ಮುದ್ರೆಯನ್ನು ಹೊಂದಿದ್ದರೆ ಅದನ್ನು ಸ್ವೀಕರಿಸಲೇಬೇಕು. ಪರೀಕ್ಷಕನು ಒಪ್ಪಿದ ನಾಣ್ಯವನ್ನು ನಿರಾಕರಿಸಿದ ವ್ಯಾಪಾರಿಯ ಆ ದಿನದ ಸರಕೆಲ್ಲ ಮುಟ್ಟುಗೋಲಾಗುತ್ತದೆ. ನಾಣ್ಯದ ಒಳಗೆ ಕಂಚೋ ಸೀಸವೋ ಇದ್ದರೆ, ಅಥವಾ ಅದು ಬೆರಕೆಯ ಲೋಹದ್ದಾಗಿದ್ದರೆ, ಪರೀಕ್ಷಕನು ಅದನ್ನು ಆಗಿಂದಾಗಲೇ ಕತ್ತರಿಸಬೇಕು, ಕತ್ತರಿಸಿದ ನಾಣ್ಯ ದೇವಮಾತೆಯ ಸ್ವತ್ತಾಗಿ ನಗರಸಭೆಯ ವಶಕ್ಕೆ ಹೋಗಬೇಕು. ಪರೀಕ್ಷಕನು ಸರ್ಕಾರದ ಗುಲಾಮನಾಗಿದ್ದನು. ಅವನು ತನ್ನ ಜಾಗದಲ್ಲಿ ಕೂರದಿದ್ದರೆ, ಇಲ್ಲವೇ ಕಾನೂನಿನಂತೆ ಪರೀಕ್ಷಿಸದಿದ್ದರೆ, ಅವನಿಗೆ ಐವತ್ತು ಚಾಟಿಯೇಟಿನ ಶಿಕ್ಷೆ. ಹಡಗಿನ ಒಡೆಯರಿಗೂ ಸಗಟು ವರ್ತಕರಿಗೂ ಅನುಕೂಲವಾಗಲೆಂದು ಪಿರೀಯಸ್ ಬಂದರಿನಲ್ಲಿ ಇನ್ನೊಬ್ಬ ಪರೀಕ್ಷಕನನ್ನು ನೇಮಿಸಬೇಕೆಂದೂ ಅದೇ ಶಾಸನ ಹೇಳುತ್ತದೆ. ಇಡೀ ನಗರದ ವ್ಯಾಪಾರದ ನಂಬಿಕೆ, ಸ್ವಂತ ಸ್ವಾತಂತ್ರ್ಯವೇ ಇಲ್ಲದ ಒಬ್ಬ ಮನುಷ್ಯನ ಕಣ್ಣು ಮತ್ತು ಕೈಚಳಕದ ಮೇಲೆ ನಿಂತಿತ್ತೆಂಬುದು ಈ ಕಲ್ಲಿನಿಂದ ತಿಳಿಯುವ ಸಂಗತಿಗಳಲ್ಲಿ ಮನಸ್ಸನ್ನು ಹೆಚ್ಚು ತಟ್ಟುವಂಥದ್ದು.

ಆ ಕಾಲದ ಖೋಟಾಗಾರನಿಗೆ ಬೇಕಾಗಿದ್ದದ್ದು ಬೆಳ್ಳಿಯನ್ನು ಉಳಿಸುವುದು. ಅವನು ತಾಮ್ರದ ಬಿಲ್ಲೆಗೆ ತೆಳುವಾದ ಬೆಳ್ಳಿ ತಗಡನ್ನು ಸುತ್ತಿ ಬಿಸಿಮಾಡುತ್ತಿದ್ದನು. ಶುದ್ಧ ಬೆಳ್ಳಿ 962 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತಾಮ್ರ 1085 ಡಿಗ್ರಿಯಲ್ಲಿ. ಆದರೆ ಎರಡೂ ಒಂದಕ್ಕೊಂದು ತಗಲಿದ ಕಡೆ, ನಿರ್ದಿಷ್ಟ ಪ್ರಮಾಣದಲ್ಲಿ ಬೆರೆತ ಪದರವು 779 ಡಿಗ್ರಿಯಲ್ಲಿಯೇ ಕರಗುವುದರಿಂದ ಬೇರೆ ಬೆಸುಗೆಯಿಲ್ಲದೆಯೇ ತಗಡು ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಸಿದ್ಧವಾದ ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಹೊಡೆದರೆ ಹೊರನೋಟಕ್ಕೆ ಬೆಳ್ಳಿ ನಾಣ್ಯ. ನಾಣ್ಯಶಾಸ್ತ್ರದಲ್ಲಿ ಇಂಥವನ್ನು ಫುರ್ರೇ ಎಂಬ ಫ್ರೆಂಚ್ ಹೆಸರಿನಿಂದ ಕರೆಯುತ್ತಾರೆ. ಇವನ್ನು ತಯಾರಿಸಿದವರು ಕಳ್ಳರಷ್ಟೇ ಅಲ್ಲ. ಪೆಲೊಪೊನೇಸಿಯನ್ ಯುದ್ಧದ ಕೊನೆಯ ವರ್ಷಗಳಲ್ಲಿ, ಗಣಿಗಳು ಕೈತಪ್ಪಿ ಬೊಕ್ಕಸ ಬರಿದಾದಾಗ, ಕ್ರಿ.ಪೂ. 406ರ ಸುಮಾರಿಗೆ ಅಥೆನ್ಸ್ ತಾನೇ ಬೆಳ್ಳಿ ಹೊದಿಸಿದ ತಾಮ್ರದ ನಾಣ್ಯಗಳನ್ನು ಹೊರಡಿಸಿತು, ಮತ್ತು ಕ್ರಿ.ಪೂ. 405ರಲ್ಲಿ ರಂಗವೇರಿದ ‘ಕಪ್ಪೆಗಳು’ ಎಂಬ ನಾಟಕದಲ್ಲಿ ಅರಿಸ್ಟೊಫೆನೀಸ್ ಹಳೆಯ ಒಳ್ಳೆಯ ನಾಣ್ಯಗಳನ್ನು ಬಿಟ್ಟು ಕೀಳು ತಾಮ್ರವನ್ನು ಬಳಸುವ ನಗರವನ್ನು ಕಟುವಾಗಿ ಟೀಕಿಸಿದನು. ಆದ್ದರಿಂದ ತಾಮ್ರದ ತಿರುಳು ಕಂಡ ಮಾತ್ರಕ್ಕೆ ನಾಣ್ಯವನ್ನು ಖಾಸಗಿ ಖೋಟಾಗಾರನ ಲೆಕ್ಕಕ್ಕೆ ಹಾಕುವಂತಿಲ್ಲ. ಅಧಿಕೃತ ಅಚ್ಚಿನಿಂದಲೇ ಟಂಕಿತವಾದ ಫುರ್ರೇಗಳೂ ಇದ್ದವು.

ಈ ಮೋಸವನ್ನು ಹಿಡಿಯಲು ಪ್ರಾಚೀನ ವರ್ತಕರು ಉಳಿಯಿಟ್ಟು ನಾಣ್ಯವನ್ನು ಸೀಳಿ ಒಳಗಿನ ಲೋಹವನ್ನು ನೋಡುತ್ತಿದ್ದರು. ಈಜಿಪ್ಟಿನಲ್ಲಿಯೂ ಪೂರ್ವ ಮೆಡಿಟರೇನಿಯನ್ ಕರಾವಳಿಯಲ್ಲಿಯೂ ಸಿಕ್ಕಿರುವ ಗೂಬೆ ನಾಣ್ಯಗಳ ಮೇಲೆ ಇಂಥ ಆಳವಾದ ಕಚ್ಚುಗಳು ಸಾಮಾನ್ಯ. ಚಿತ್ರದ ಅಂದ ಕೆಟ್ಟಿತೆಂದು ಸಂಗ್ರಾಹಕರು ಇವನ್ನು ಕಡಿಮೆ ಬೆಲೆಗೆ ಕೇಳುವುದುಂಟು, ಆದರೆ ಇತಿಹಾಸದ ದೃಷ್ಟಿಯಿಂದ ಆ ಕಚ್ಚು ಸ್ವತಃ ಒಂದು ದಾಖಲೆ; ಅಲ್ಲಿ ನಾಣ್ಯವನ್ನು ಎಣಿಸಿ ಕೊಳ್ಳುತ್ತಿರಲಿಲ್ಲ, ಬೆಳ್ಳಿಯಾಗಿ ತೂಗಿ ಕೊಳ್ಳುತ್ತಿದ್ದರೆಂದು ಅದು ಹೇಳುತ್ತದೆ. ಭಾರತದ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ಮೇಲೆ ಚಿನಿವಾರರು ಪರೀಕ್ಷಿಸಿ ಒತ್ತಿದ ಸಣ್ಣ ಸಣ್ಣ ಗುರುತುಗಳೂ ಇದೇ ಬಗೆಯ ಎಚ್ಚರಿಕೆಯ ಕುರುಹುಗಳು.

ಕತ್ತರಿಸದೆಯೇ ಒಳಗಿನ ತಾಮ್ರವನ್ನು ಪತ್ತೆಹಚ್ಚುವ ದಾರಿ ತೂಕದ್ದು. ಚೆನ್ನಾಗಿ ಉಳಿದುಬಂದ ಗೂಬೆ ನಾಣ್ಯ ಸುಮಾರು 17.2 ಗ್ರಾಂ ತೂಗುತ್ತದೆ. ಬೆಳ್ಳಿಯ ಸಾಂದ್ರತೆ ನೀರಿಗಿಂತ ಸುಮಾರು 10.5 ಪಟ್ಟು, ತಾಮ್ರದ್ದು 9 ಪಟ್ಟಿಗೆ ಸಮೀಪ. ಅದೇ ಗಾತ್ರದ ನಾಣ್ಯದಲ್ಲಿ ಐದರಲ್ಲಿ ನಾಲ್ಕು ಪಾಲು ತಾಮ್ರವಿದ್ದರೆ ತೂಕ 15 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ನಾಣ್ಯವನ್ನು ದಾರದಲ್ಲಿ ತೂಗುಹಾಕಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಇನ್ನೂ ಖಚಿತವಾದ ಉತ್ತರ ದೊರೆಯುತ್ತದೆ, 17.2 ಗ್ರಾಂ ತೂಗುವ ಅಪ್ಪಟ ಬೆಳ್ಳಿಯ ನಾಣ್ಯ ನೀರಿನಲ್ಲಿ ಸುಮಾರು 1.64 ಗ್ರಾಂ ಕಡಿಮೆ ತೂಗುತ್ತದೆ, ತವರದಂಥ ಹಗುರ ಲೋಹದ್ದಾದರೆ ಈ ಇಳಿತ 2.3 ಗ್ರಾಂ ದಾಟುತ್ತದೆ. ಅಕ್ಕಸಾಲಿಗರ ಒರೆಗಲ್ಲು ಇಲ್ಲಿ ಅಷ್ಟಾಗಿ ನೆರವಾಗದು, ಏಕೆಂದರೆ ಒರೆಗೆ ಹಚ್ಚಿದಾಗ ಗೆರೆ ಬೀಳುವುದು ಹೊರಗಿನ ಹೊದಿಕೆಯಿಂದಲೇ ಹೊರತು ಒಳಗಿನ ತಿರುಳಿನಿಂದಲ್ಲ.

ಈವರೆಗೆ ಹೇಳಿದ ಪರೀಕ್ಷೆಗಳೆಲ್ಲ ಲೋಹವನ್ನು ಕದಿಯುವವನ ವಿರುದ್ಧ ರೂಪುಗೊಂಡವು. ಯೂರೋಪಿನಲ್ಲಿ ಪ್ರಾಚೀನ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸ ಬೆಳೆದ ಮೇಲೆ ಹುಟ್ಟಿದ ಖೋಟಾಗಾರನ ಗುರಿ ಬೇರೆಯೇ ಆಗಿತ್ತು. ಅವನು ಕದಿಯುವುದು ಬೆಳ್ಳಿಯನ್ನಲ್ಲ, ಪ್ರಾಚೀನತೆಯನ್ನು. ಇಂದು ಒಂದು ಒಳ್ಳೆಯ ಗೂಬೆ ನಾಣ್ಯದ ಬೆಲೆಯ ಮುಂದೆ ಅದರೊಳಗಿನ 17 ಗ್ರಾಂ ಬೆಳ್ಳಿಯ ಬೆಲೆ ಏನೇನೂ ಅಲ್ಲವಾದ್ದರಿಂದ, ಅವನಿಗೆ ಬೆಳ್ಳಿಯಲ್ಲಿ ಕಡಿಮೆ ಮಾಡುವ ಅಗತ್ಯವೇ ಇಲ್ಲ. ನಿಕೊಫೋನನ ಪರೀಕ್ಷಕನು ಇಂಥ ನಾಣ್ಯವನ್ನು ಕತ್ತರಿಸಿ ನೋಡಿದ್ದರೂ ಒಳ್ಳೆಯದೆಂದೇ ತೀರ್ಪು ಕೊಡುತ್ತಿದ್ದನು.

ಈ ಬಗೆಯವರಲ್ಲಿ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಹೆಸರಾದವನು. ಅವನು ಗ್ರೀಕ್ ಮತ್ತು ರೋಮನ್ ನಾಣ್ಯಗಳ ಅಚ್ಚುಗಳನ್ನು ಉಕ್ಕಿನಲ್ಲಿ ಕೈಯಿಂದಲೇ ಕೊರೆಯುತ್ತಿದ್ದನು; ಲೋಹದಲ್ಲಿ ಸಂಶಯಕ್ಕೆ ಎಡೆಯಿರಬಾರದೆಂದು ಕೆಲವೊಮ್ಮೆ ಕಡಿಮೆ ಬೆಲೆಯ ನಿಜವಾದ ಪ್ರಾಚೀನ ನಾಣ್ಯಗಳನ್ನೇ ಬಿಲ್ಲೆಯಾಗಿ ಬಳಸಿ ಅವುಗಳ ಮೇಲೆ ತನ್ನ ಅಚ್ಚನ್ನು ಹೊಡೆಯುತ್ತಿದ್ದನು. ಹೊಸ ನಾಣ್ಯಗಳಿಗೆ ಸವಕಲಿನ ಕಳೆ ಬರಲೆಂದು ಅವನ್ನು ಕಬ್ಬಿಣದ ಪುಡಿ ಮತ್ತು ಜಿಡ್ಡು ತುಂಬಿದ ಪೆಟ್ಟಿಗೆಯೊಳಗಿಟ್ಟು ಕುದುರೆಗಾಡಿಗೆ ಕಟ್ಟಿ ಊರೂರು ಓಡಾಡುತ್ತಿದ್ದನೆಂಬುದು ನಾಣ್ಯಶಾಸ್ತ್ರಜ್ಞರಲ್ಲಿ ಪ್ರಸಿದ್ಧವಾದ ಸಂಗತಿ. ಅವನ ಅಚ್ಚುಗಳು ಈಗ ಬರ್ಲಿನ್ನಿನ ನಾಣ್ಯಸಂಗ್ರಹಾಲಯದಲ್ಲಿವೆ, ಮತ್ತು ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಹಿಲ್ ಅವನ್ನು ಕುರಿತು 1920ರ ದಶಕದಲ್ಲಿ ಸಮಗ್ರ ಗ್ರಂಥವನ್ನೇ ಬರೆದರು. ಬೆಕರನ ನಾಣ್ಯಗಳನ್ನು ಕೊನೆಗೆ ಹಿಡಿದುಕೊಟ್ಟದ್ದು ಶೈಲಿ. ಎಷ್ಟೇ ನಿಪುಣನಾದರೂ ಅವನು ಕೊರೆದ ದೇವತೆಗಳ ಮುಖದಲ್ಲಿ 19ನೆಯ ಶತಮಾನದ ಆರಂಭದ ಯೂರೋಪು ಸೌಂದರ್ಯವೆಂದು ಭಾವಿಸಿದ ನಯ ಇಣುಕುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಅಥೆನ್ಸಿನಲ್ಲಿಯೇ ಕ್ರಿಸ್ಟೊಡೌಲೋಸ್ ಎಂಬವನು ಇದೇ ಕಸುಬಿಗಿಳಿದನು. ಅಲ್ಲಿನ ನಾಣ್ಯಸಂಗ್ರಹಾಲಯದ ಇಯೊವಾನಿಸ್ ಸ್ವೊರೊನೋಸ್ ಅವನ ಅಚ್ಚುಗಳ ಪಟ್ಟಿಯನ್ನು 1922ರಲ್ಲಿ ಪ್ರಕಟಿಸಿದ ಮೇಲೆ ಆ ನಾಣ್ಯಗಳನ್ನು ಗುರುತಿಸುವುದು ಸುಲಭವಾಯಿತು.

ಗೂಬೆ ನಾಣ್ಯದಲ್ಲಿಯೂ ಶೈಲಿಗೆ ನಿಯಮಗಳುಂಟು. ಕ್ರಿ.ಪೂ. 5ನೆಯ ಶತಮಾನದ ಅಥೀನಾ ಪಕ್ಕಕ್ಕೆ ತಿರುಗಿದ್ದರೂ ಅವಳ ಕಣ್ಣನ್ನು ಎದುರಿನಿಂದ ಕಂಡಂತೆ ಬಾದಾಮಿಯಾಕಾರದಲ್ಲಿ ಬಿಡಿಸುತ್ತಿದ್ದರು. ಕ್ರಿ.ಪೂ. 4ನೆಯ ಶತಮಾನದಲ್ಲಿ ಕಣ್ಣೂ ಪಕ್ಕನೋಟಕ್ಕೆ ತಿರುಗಿತು. ಅಥೆನ್ಸ್ ಕ್ರಿ.ಪೂ. 403ರಲ್ಲಿ ಅಯೋನಿಯನ್ ಲಿಪಿಯನ್ನು ಅಧಿಕೃತವಾಗಿ ಸ್ವೀಕರಿಸಿದ ಮೇಲೂ ನಾಣ್ಯದ ಮೇಲಿನ ಮೂರು ಅಕ್ಷರಗಳ ಹಳೆಯ ಕಾಗುಣಿತ ಹಾಗೆಯೇ ಉಳಿಯಿತು. ಒಂದು ಕಾಲದ ಕಣ್ಣಿಗೆ ಇನ್ನೊಂದು ಕಾಲದ ಗೂಬೆಯನ್ನು ಜೋಡಿಸಿದ ನಾಣ್ಯ ಬಲ್ಲವರ ಮುಂದೆ ನಿಲ್ಲುವುದಿಲ್ಲ. ಆದರೆ ಅಂದವನ್ನೇ ಅಸಲಿತನದ ಗುರುತೆಂದು ತಿಳಿಯಬಾರದು. ಯುದ್ಧದ ಖರ್ಚಿಗಾಗಿ ಅವಸರದಲ್ಲಿ ಕೊರೆದ ಅಚ್ಚುಗಳು ನೂರಾರು ಇದ್ದವು, ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿ ಅಥೀನಾಳ ಶಿರಸ್ತ್ರಾಣದ ತುರಾಯಿ ನಾಣ್ಯದ ಹೊರಗೇ ಉಳಿದಿರುವುದು ಅಸಲಿ ನಾಣ್ಯಗಳಲ್ಲಿ ಅಪರೂಪವೇನಲ್ಲ.

ಇಲ್ಲಿಂದ ಮುಂದೆ ಭೂತಗನ್ನಡಿಯ ಕೆಲಸ. ಅಥೆನ್ಸಿನ ಟಂಕಸಾಲೆಯಲ್ಲಿ ಅಥೀನಾಳ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಕಾಯಿಸಿದ ಬೆಳ್ಳಿ ಬಿಲ್ಲೆಯನ್ನು ಅದರ ಮೇಲಿಟ್ಟು, ಗೂಬೆಯ ಅಚ್ಚು ಕೊರೆದ ಗೂಟವನ್ನು ಬಿಲ್ಲೆಯ ಮೇಲೆ ನಿಲ್ಲಿಸಿ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆ ಪೆಟ್ಟಿಗೆ ಬೆಳ್ಳಿ ಅಚ್ಚಿನ ಕುಳಿಗಳೊಳಗೆ ನುಗ್ಗುತ್ತದೆ, ಉಳಿದದ್ದು ಅಂಚಿನ ಕಡೆಗೆ ಸರಿಯುತ್ತದೆ. ತಟ್ಟುವಾಗ ಜೋಳದ ರೊಟ್ಟಿಯ ಅಂಚು ಬಿರಿಯುವಂತೆ ನಾಣ್ಯದ ಅಂಚೂ ಅಲ್ಲಲ್ಲಿ ಬಿರಿಯುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಅಥೀನಾಳ ಮೂಗು ಮತ್ತು ಗಲ್ಲದ ಎದುರಿನ ಬಯಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ನಡುವಿನಿಂದ ಅಂಚಿಗೆ ಹೊರಟ ಕೂದಲೆಳೆಯಂಥ ಹರಿವಿನ ಗೆರೆಗಳು ಕಾಣುತ್ತವೆ. ಇವು ಲೋಹ ಸರಿದ ದಾರಿ. ಗೂಬೆಯ ಎದೆಯ ಗರಿಗಳನ್ನು ಸೂಚಿಸುವ ಚುಕ್ಕೆಗಳು ಬುಡದಲ್ಲಿ ಚೂಪಾಗಿ ಬಯಲಿನಿಂದ ಎದ್ದು ನಿಂತಿರುತ್ತವೆ. ಅಂಚಿನ ಬಿರುಕಿನೊಳಗೆ ನೋಡಿದರೆ ಒಡೆದ ಲೋಹದ ಒರಟು ಮೈ ಕಾಣುತ್ತದೆ, ಎಷ್ಟೋ ಬಾರಿ ಆ ಬಿರುಕಿನ ತಳದಲ್ಲಿ ಬೂದು ಬಣ್ಣದ ಸಿಲ್ವರ್ ಕ್ಲೋರೈಡ್ ಕಟ್ಟಿಕೊಂಡಿರುತ್ತದೆ. ಇದು ಉಪ್ಪಿನಂಶವಿರುವ ಮಣ್ಣಿನಲ್ಲಿ ಬೆಳ್ಳಿ ಶತಮಾನಗಳ ಕಾಲ ಹುದುಗಿದ್ದಾಗ ಮೈಯಿಂದ ಒಳಕ್ಕೆ ಬೆಳೆಯುವ ಪದರವಾದ್ದರಿಂದ ಹೊರಗಿನಿಂದ ಬಳಿದ ಬಣ್ಣದಂತೆ ಸುಲಭವಾಗಿ ಎದ್ದುಬರುವುದಿಲ್ಲ.

ಎರಕದ ನಕಲಿನಲ್ಲಿ ಇವಾವುವೂ ಹೀಗಿರುವುದಿಲ್ಲ. ಅಸಲಿ ನಾಣ್ಯದಿಂದ ಎರಕದಚ್ಚು ತೆಗೆದು ಕರಗಿದ ಬೆಳ್ಳಿಯನ್ನು ಸುರಿದಾಗ ಲೋಹ ಆರುತ್ತಾ ಕುಗ್ಗುವುದರಿಂದ ಅಕ್ಷರಗಳ ಮೂಲೆಗಳು ಮೊಂಡಾಗುತ್ತವೆ, ಮೈಗೆ ಸಾಬೂನು ಸವರಿದಂಥ ಮೆತ್ತನೆಯ ಕಳೆ ಬರುತ್ತದೆ, ಸಿಕ್ಕಿಕೊಂಡ ಗಾಳಿಗುಳ್ಳೆಗಳು ಸೂಜಿಮೊನೆಯಂಥ ದುಂಡನೆಯ ಕುಳಿಗಳನ್ನು ಬಿಡುತ್ತವೆ. ಬಿರುಕುಗಳು ಇದ್ದರೂ ಆಳವಿಲ್ಲದೆ, ಅಂಚು ದುಂಡಗಾಗಿ, ಬಿರುಕಿನ ಚಿತ್ರದಂತೆ ಉಳಿಯುತ್ತವೆ. ಎರಕದಚ್ಚಿನ ಎರಡು ಹೋಳು ಸೇರಿದ ಕಡೆ ನಾಣ್ಯದ ಅಂಚಿನಲ್ಲಿ ಸುತ್ತಲೂ ಒಂದು ಏಣು ಮೂಡುವುದರಿಂದ ಅದನ್ನು ಅರದಿಂದ ಉಜ್ಜಿ ಅಳಿಸಿರುತ್ತಾರೆ, ಅರದ ಗೀರುಗಳೇ ಆಗ ಸಾಕ್ಷಿಯಾಗುತ್ತವೆ. 19ನೆಯ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರಾಬರ್ಟ್ ರೆಡಿ ಮತ್ತು ಅವರ ಮಕ್ಕಳು ಅಧ್ಯಯನಕ್ಕೆಂದು ವಿದ್ಯುಲ್ಲೇಪನ ವಿಧಾನದಲ್ಲಿ ಅಸಲಿ ನಾಣ್ಯಗಳ ಪಡಿಯಚ್ಚುಗಳನ್ನು ತಯಾರಿಸಿದರು. ಎರಡು ಚಿಪ್ಪುಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ ಮಾಡಿದ ಈ ಪ್ರತಿಗಳ ಅಂಚಿನಲ್ಲಿ ಗುರುತಿನ ಇಂಗ್ಲಿಷ್ ಅಕ್ಷರಗಳಿವೆ, ಆದರೆ ಆ ಗುರುತನ್ನು ಉಜ್ಜಿ ತೆಗೆದು ಅಸಲಿಯೆಂದು ಮಾರುವವರೂ ಉಂಟು.

ಹೆಚ್ಚು ಅಪಾಯಕಾರಿಯಾದವು ಹೊಸ ಅಚ್ಚಿನಿಂದ ಒತ್ತಿದ ನಕಲುಗಳು. ಅಸಲಿ ನಾಣ್ಯದ ಮೇಲ್ಮೈಯನ್ನೇ ಯಂತ್ರದ ನೆರವಿನಿಂದ ಉಕ್ಕಿಗೆ ಇಳಿಸಿ ಅಚ್ಚು ಮಾಡಿಕೊಂಡರೆ, ಶೈಲಿಯ ಪ್ರಶ್ನೆಯೇ ಏಳುವುದಿಲ್ಲ, ಎರಕದ ಗುಳ್ಳೆಗಳೂ ಇರುವುದಿಲ್ಲ, ಬೆಳ್ಳಿಯೂ ಒಳ್ಳೆಯದೇ. ಇಂಥದ್ದನ್ನು ಒಂದೇ ನಾಣ್ಯವನ್ನು ದಿಟ್ಟಿಸಿ ಹಿಡಿಯುವುದು ಬಹಳ ಕಷ್ಟ. ಅದನ್ನು ಅದೇ ಅಚ್ಚಿನ ಬೇರೆ ನಾಣ್ಯಗಳ ಪಕ್ಕದಲ್ಲಿಡಬೇಕು. ಇಲ್ಲಿ ಒಂದು ವಿವೇಚನೆ ಮುಖ್ಯ. ಒಂದು ಅಚ್ಚಿನಿಂದ ಸಾವಿರಾರು ನಾಣ್ಯಗಳು ಹುಟ್ಟುತ್ತವೆ, ಆದ್ದರಿಂದ ಎರಡು ನಾಣ್ಯಗಳಲ್ಲಿ ಅಚ್ಚಿನ ಗೆರೆಗಳು ಒಂದೇ ಆಗಿರುವುದು ಸಹಜ. ಆದರೆ ಬಿಲ್ಲೆಯ ಆಕಾರ, ಚಿತ್ರ ನಡುವಿನಿಂದ ಯಾವ ಕಡೆಗೆ ಎಷ್ಟು ವಾಲಿದೆ ಎಂಬುದು, ಅಂಚಿನ ಬಿರುಕು, ಚಲಾವಣೆಯಲ್ಲಿ ಬಿದ್ದ ಗೀರು, ಸವಕಲಿನ ತಾಣ, ಇವೆಲ್ಲ ಆಯಾ ನಾಣ್ಯದ ಪಾಲಿಗೆ ಒಮ್ಮೆ ಮಾತ್ರ ಒದಗುವ ಆಕಸ್ಮಿಕಗಳು. ಎರಡು ನಾಣ್ಯಗಳಲ್ಲಿ ಅಥೀನಾಳ ಕೆನ್ನೆಯ ಮೇಲೆ ಒಂದೇ ಜಾಗದಲ್ಲಿ ಒಂದೇ ಅಳತೆಯ ಗೀರು ಕಂಡರೆ, ಕನಿಷ್ಠ ಒಂದಾದರೂ ನಕಲು, ಪ್ರಾಯಶಃ ಎರಡೂ ನಕಲು. ಅಚ್ಚಿಗೂ ಆಯುಸ್ಸಿನ ಕ್ರಮವಿದೆ. ಬಳಸಿದಂತೆಲ್ಲ ಅದು ಸವೆಯುತ್ತದೆ, ಬಿರಿಯುತ್ತದೆ, ಬಿರುಕು ಬೆಳೆಯುತ್ತದೆ, ಹಾಗಾಗಿ ಅಸಲಿ ನಾಣ್ಯಗಳಲ್ಲಿ ಆ ಬೆಳವಣಿಗೆಯ ಬೇರೆ ಬೇರೆ ಹಂತಗಳು ಕಾಣುತ್ತವೆ, ನಕಲುಗಳಲ್ಲಿಯೋ ಮೂಲನಾಣ್ಯ ಟಂಕಿತವಾದ ಒಂದೇ ಹಂತ ಮತ್ತೆ ಮತ್ತೆ ಬರುತ್ತದೆ. ಇದರಿಂದಾಗಿಯೇ ಹಳೆಯ ಹರಾಜುಪಟ್ಟಿಗಳ ಚಿತ್ರಗಳೂ ಸಂಗ್ರಹಾಲಯಗಳ ಸೂಚಿಗಳೂ ಪರೀಕ್ಷಕನಿಗೆ ಸೂಕ್ಷ್ಮದರ್ಶಕದಷ್ಟೇ ಅಗತ್ಯವಾದ ಸಾಧನಗಳು. ಖೋಟಾಗಾರನು ಅಸಲಿ ನಾಣ್ಯದ ಎಲ್ಲವನ್ನೂ ನಕಲಿಸಬಲ್ಲನು, ಆದರೆ ಪ್ರತಿಯೊಂದು ನಾಣ್ಯಕ್ಕೂ ಪ್ರತ್ಯೇಕವಾದ ಜೀವನಚರಿತ್ರೆಯನ್ನು ಕೊಡುವುದು ಅವನಿಗೆ ಬಹಳ ದುಬಾರಿ.

ತಜ್ಞರೂ ತಬ್ಬಿಬ್ಬಾದ ಪ್ರಸಂಗಗಳಿವೆ. 1988ರಲ್ಲಿ ಕಪ್ಪು ಸಮುದ್ರದ ತೀರದ ಅಪೊಲೊನಿಯ ಮತ್ತು ಮೆಸೆಂಬ್ರಿಯ ಎಂಬ ಗ್ರೀಕ್ ನಗರಗಳ ಸಣ್ಣ ಬೆಳ್ಳಿ ನಾಣ್ಯಗಳು ಒಂದು ನಿಧಿಯಲ್ಲಿ ಸಿಕ್ಕವೆಂಬ ಹೆಸರಿನಲ್ಲಿ ಒಮ್ಮೆಗೇ ಮಾರುಕಟ್ಟೆಗೆ ಬಂದವು. ಅವು ಎರಕದವಲ್ಲ, ಅಚ್ಚಿನಿಂದ ಟಂಕಿಸಿದವು, ಬೆಳ್ಳಿಯೂ ಒಪ್ಪುವಂತಿತ್ತು. ಅಸಲಿಯೆಂದವರೂ ಖೋಟಾ ಎಂದವರೂ ಪಳಗಿದ ವಿದ್ವಾಂಸರೇ ಆಗಿದ್ದರು, ವಾದ ಬಹುಕಾಲ ನಡೆದು ಕೊನೆಗೆ ಬಹುಪಾಲು ಜನ ಅವು ಆಧುನಿಕ ಕೈವಾಡವೆಂಬ ನಿಲುವಿಗೆ ಬಂದರು.

ಲೋಹದ ರಾಸಾಯನಿಕ ಪರೀಕ್ಷೆ ಇಂಥಲ್ಲಿ ನೆರವಿಗೆ ಬರುತ್ತದೆ, ಆದರೆ ಅದನ್ನು ಬಳಸುವಾಗಲೂ ಎಚ್ಚರ ಬೇಕು. ಲೌರಿಯೋನಿನ ಅದಿರು ಮುಖ್ಯವಾಗಿ ಸೀಸದ್ದು, ಅದರಲ್ಲಿ ಬೆಳ್ಳಿ ಅಲ್ಪಾಂಶ. ಅದಿರನ್ನು ಕರಗಿಸಿ ಪಡೆದ ಸೀಸವನ್ನು ಮೂಸೆಯಲ್ಲಿಟ್ಟು ಬಿಸಿಗಾಳಿ ಊದಿದಾಗ ಸೀಸ ಭಸ್ಮವಾಗಿ ಬೇರ್ಪಟ್ಟು ಬೆಳ್ಳಿ ಉಳಿಯುತ್ತಿತ್ತು. ಈ ಕ್ರಮದಲ್ಲಿ ಸೀಸ ಪೂರ್ತಿಯಾಗಿ ಹೋಗುವುದಿಲ್ಲ, ಚಿನ್ನವಂತೂ ಬೆಳ್ಳಿಯೊಡನೆಯೇ ಉಳಿದುಬಿಡುತ್ತದೆ. ಆದ್ದರಿಂದ ಪ್ರಾಚೀನ ಬೆಳ್ಳಿಯಲ್ಲಿ ಸೀಸ ಮತ್ತು ಚಿನ್ನದ ಕುರುಹು ಇರಲೇಬೇಕು, ಲೌರಿಯೋನಿನ ಬೆಳ್ಳಿಯಲ್ಲಿ ಚಿನ್ನದ ಪ್ರಮಾಣ ಬಹಳ ಕಡಿಮೆಯೆಂಬುದೂ ತಿಳಿದಿದೆ. 19ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ವಿದ್ಯುತ್ ಶುದ್ಧೀಕರಣದಲ್ಲಿ ಇವೆರಡೂ ಬಹುಮಟ್ಟಿಗೆ ಬೇರ್ಪಡುವುದರಿಂದ, ಸೀಸವೂ ಚಿನ್ನವೂ ಇಲ್ಲದ ಅಪ್ಪಟ ಬೆಳ್ಳಿಯ ಗೂಬೆ ನಾಣ್ಯ ಸಂಶಯಕ್ಕೆ ಗುರಿಯಾಗುತ್ತದೆ. ಇಲ್ಲಿ ಅತಿಯಾದ ಶುದ್ಧತೆಯೇ ದೋಷ. ಸೀಸದ ಐಸೊಟೋಪುಗಳ, ಎಂದರೆ ತೂಕದಲ್ಲಿ ಮಾತ್ರ ವ್ಯತ್ಯಾಸವಿರುವ ಸೀಸದ ಪರಮಾಣುಗಳ, ಪ್ರಮಾಣವನ್ನು ಅಳೆದು ಬೆಳ್ಳಿ ಯಾವ ಗಣಿಪ್ರದೇಶದ್ದಿರಬಹುದೆಂದು ಊಹಿಸುವುದೂ ಸಾಧ್ಯವಾಗಿದೆ. ನಾಣ್ಯಕ್ಕೆ ಹಾನಿಯಾಗದಂತೆ ಎಕ್ಸ್-ಕಿರಣ ಹಾಯಿಸಿ ಅದು ಹೊಮ್ಮಿಸುವ ಪ್ರತಿಕಿರಣದಿಂದ ಲೋಹಗಳನ್ನು ಗುರುತಿಸುವ ಯಂತ್ರಗಳು ಈಗ ಆಭರಣದ ಅಂಗಡಿಗಳಲ್ಲಿಯೂ ಇವೆ, ಆದರೆ ಅವು ಓದುವುದು ಮೇಲಿನ ಅತಿ ತೆಳುವಾದ ಪದರವನ್ನು ಮಾತ್ರ. ಮಣ್ಣಿನಲ್ಲಿದ್ದ ನಾಣ್ಯದ ಮೈಯಿಂದ ತಾಮ್ರ ಕರಗಿ ಹೋಗಿರುವುದರಿಂದ ಮೇಲ್ಪದರದಲ್ಲಿ ಬೆಳ್ಳಿಯ ಪ್ರಮಾಣ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹಳೆಯ ಬೆಳ್ಳಿಯ ಕಣಗಳ ಸಂದುಗಳು ತುಕ್ಕಿನಿಂದ ಸಡಿಲವಾಗಿ ಲೋಹ ಪೆಡಸಾಗುವುದೂ ಉಂಟು. ಕಲ್ಲಿನ ಮೇಲೆ ಬೀಳಿಸಿ ನಾದ ಕೇಳುವ ಹಳೆಯ ಪರೀಕ್ಷೆಯನ್ನು ಪ್ರಾಚೀನ ನಾಣ್ಯದ ಮೇಲೆ ಎಂದಿಗೂ ಮಾಡಬಾರದು. ಅಸಲಿ ನಾಣ್ಯ ಎರಡು ಹೋಳಾಗುವ ಸಂಭವವಿದೆ. ಉಜ್ಜಿ ಬೆಳಗಿಸುವುದೂ ಅಷ್ಟೇ ಕೆಟ್ಟದ್ದು, ಏಕೆಂದರೆ ಸಾಕ್ಷ್ಯವಾಗಬೇಕಾದ ಪದರ ಅದರಿಂದ ಅಳಿದುಹೋಗುತ್ತದೆ.

ಎಲ್ಲ ಪರೀಕ್ಷೆಗಳಲ್ಲಿ ಪ್ರಾಚೀನವೆಂದು ತೇರ್ಗಡೆಯಾದ ಗೂಬೆ ನಾಣ್ಯವೂ ಅಥೆನ್ಸಿನದಲ್ಲದೆ ಇರಬಹುದು. ಈ ನಾಣ್ಯದ ಮೇಲಿನ ನಂಬಿಕೆ ಎಷ್ಟಿತ್ತೆಂದರೆ ಈಜಿಪ್ಟಿನಲ್ಲಿಯೂ ದಕ್ಷಿಣ ಅರೇಬಿಯದಲ್ಲಿಯೂ ಅದರದೇ ಮಾದರಿಯಲ್ಲಿ ಸ್ಥಳೀಯ ನಾಣ್ಯಗಳನ್ನು ಹೊರಡಿಸಿದರು. ಪರ್ಷಿಯದ ದೊರೆ ಮೂರನೆಯ ಅರ್ಟಕ್ಸರ್ಕ್ಸಿಸ್ ಕ್ರಿ.ಪೂ. 343ರ ಸುಮಾರಿಗೆ ಈಜಿಪ್ಟನ್ನು ಗೆದ್ದ ಮೇಲೆ ಅಲ್ಲಿ ಟಂಕಿಸಿದ ಗೂಬೆ ನಾಣ್ಯಗಳಲ್ಲಿ ಅಥೆನ್ಸಿನ ಅಕ್ಷರಗಳಿಗೆ ಬದಲಾಗಿ ಅವನ ಹೆಸರು ಈಜಿಪ್ಟಿನ ಡೆಮೋಟಿಕ್ ಲಿಪಿಯಲ್ಲಿದೆ. ಇವು ಮೋಸವಲ್ಲ, ಒಳ್ಳೆಯ ಬೆಳ್ಳಿಯವು. ನಿಕೊಫೋನನ ಕಾನೂನು ಈ ವ್ಯತ್ಯಾಸವನ್ನು ಆಗಲೇ ಕಂಡುಕೊಂಡು, ಅಥೆನ್ಸಿನದೇ ಮುದ್ರೆಯಿರುವ ಹೊರನಾಡಿನ ಒಳ್ಳೆಯ ನಾಣ್ಯವನ್ನು ಕತ್ತರಿಸದೆ ತಂದವನಿಗೇ ಹಿಂತಿರುಗಿಸಬೇಕೆಂದು ವಿಧಿಸಿತ್ತು.

ಉಳಿದದ್ದು ನಾಣ್ಯ ಎಲ್ಲಿಂದ ಬಂತೆಂಬ ಪ್ರಶ್ನೆ, ಮತ್ತು ಅದು ಅಸಲಿತನದ ಪ್ರಶ್ನೆಗಿಂತ ಚಿಕ್ಕದಲ್ಲ. 1984ರಲ್ಲಿ ತುರ್ಕಿಯ ಎಲ್ಮಾಲಿ ಎಂಬಲ್ಲಿ ಸುಮಾರು 1,900 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅದರಲ್ಲಿ ಅತ್ಯಂತ ಅಪರೂಪವಾದ, ಹತ್ತು ಡ್ರಾಕ್ಮಗಳ ಅಥೆನ್ಸ್ ನಾಣ್ಯಗಳೇ ಹತ್ತಕ್ಕೂ ಮಿಕ್ಕಿ ಇದ್ದವು. ನಿಧಿ ಕಳ್ಳಸಾಗಣೆಯಾಗಿ ಅಮೆರಿಕ ತಲುಪಿತು, ಹಲವು ವರ್ಷಗಳ ವ್ಯಾಜ್ಯದ ನಂತರ ಅದರ ಬಹುಭಾಗ 1999ರಲ್ಲಿ ತುರ್ಕಿಗೆ ಮರಳಿತು. ನಾಣ್ಯಗಳ ಅಸಲಿತನದ ಬಗ್ಗೆ ಅಲ್ಲಿ ವಿವಾದವಿರಲಿಲ್ಲ. ವಿವಾದವಿದ್ದದ್ದು ಅವುಗಳ ಮೇಲಿನ ಹಕ್ಕಿನ ಬಗ್ಗೆ. ಭಾರತದಲ್ಲಿಯೂ 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪುರಾವಸ್ತುವೆನಿಸುತ್ತದೆ, ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಭಾರತೀಯ ನಾಣ್ಯಗಳ ಇತಿಹಾಸಕ್ಕೂ ಗೂಬೆ ನಾಣ್ಯಕ್ಕೂ ನಿಜವಾದ ನಂಟನ್ನು ಒದಗಿಸಿದ್ದು ಕಾಬೂಲಿನ ಚಮನ್-ಇ-ಹಜೂರಿಯಲ್ಲಿ 1933ರಲ್ಲಿ ಸಿಕ್ಕ ನಿಧಿ. ಅದರಲ್ಲಿ ಅಥೆನ್ಸಿನ ಗೂಬೆ ನಾಣ್ಯಗಳೂ ಇತರ ಗ್ರೀಕ್ ನಗರಗಳ ನಾಣ್ಯಗಳೂ ಪರ್ಷಿಯದ ಬೆಳ್ಳಿ ನಾಣ್ಯಗಳೂ, ಗಾಂಧಾರ ಪ್ರದೇಶದ ಬಾಗಿದ ಬೆಳ್ಳಿ ಪಟ್ಟಿಗಳೂ ಒಟ್ಟಿಗೆ ಇದ್ದವು. ಕಾಲ ತಿಳಿದಿರುವ ಗ್ರೀಕ್ ನಾಣ್ಯಗಳ ಜೊತೆಯಲ್ಲಿ ಸಿಕ್ಕಿದ್ದರಿಂದಲೇ ಆ ಪಟ್ಟಿನಾಣ್ಯಗಳ, ಮತ್ತು ಅವುಗಳ ಮೂಲಕ ಈ ಉಪಖಂಡದಲ್ಲಿ ನಾಣ್ಯಪದ್ಧತಿ ಮೊದಲಾದ ಬಗೆಯ, ಕಾಲನಿರ್ಣಯಕ್ಕೆ ಒಂದು ಆಧಾರ ದೊರಕಿತು. ಫ್ರೆಂಚ್ ವಿದ್ವಾಂಸ ಡೇನಿಯಲ್ ಷ್ಲುಂಬರ್ಜೆ 1953ರಲ್ಲಿ ಆ ನಿಧಿಯನ್ನು ಚಿತ್ರಸಹಿತವಾಗಿ ಪ್ರಕಟಿಸಿದರು. 1990ರ ದಶಕದ ಅಂತರ್ಯುದ್ಧದಲ್ಲಿ ಕಾಬೂಲಿನ ವಸ್ತುಸಂಗ್ರಹಾಲಯ ಲೂಟಿಯಾಗಿ ಅಲ್ಲಿದ್ದ ಈ ನಿಧಿಯ ನಾಣ್ಯಗಳೂ ಚದುರಿಹೋದವು. ಅವುಗಳಲ್ಲಿ ಒಂದು ಎಲ್ಲಿಯಾದರೂ ಮಾರಾಟಕ್ಕೆ ಬಂದರೆ, ಅದರ ಬಿರುಕನ್ನೂ ವಾಲಿದ ಚಿತ್ರವನ್ನೂ ಸವಕಲನ್ನೂ ಷ್ಲುಂಬರ್ಜೆ ಪ್ರಕಟಿಸಿದ ಚಿತ್ರಗಳೊಡನೆ ಹೋಲಿಸಿ ಇದು ಇಂಥ ನಾಣ್ಯವೇ ಎಂದು ಹೇಳಲು ಈಗಲೂ ಸಾಧ್ಯವಿದೆ, ನಿಧಿಯ ಕೆಲವು ನಾಣ್ಯಗಳನ್ನು ವಿದ್ವಾಂಸರು ಹಾಗೆ ಗುರುತಿಸಿದ್ದಾರೆ ಕೂಡ.